ನೀರಿಗೂ ಅಳಿಸದ ಗೆರೆ

ಮೂರನೇ ಮಹಡಿಯ ಟೈಲರಮ್ಮನಿಗೆ ಈಚೆಗೆ ಗಂಡನ ಮೇಲೆ ಒಂದು ಗುಮಾನಿ. ಮದುವೆಯಾದಾಗಿನಿಂದ ಅಕ್ಕಪಕ್ಕದವರ ಜೊತೆ ನೆಟ್ಟಗೆ ಎರಡು ಮಾತಾಡಿದ ಪುಣ್ಯಾತ್ಮನಲ್ಲ. ಅಂಥವನು ಈಗ ದಿನಾ ಸಂಜೆ ಕೆಲಸದಿಂದ ಬರುವಾಗ ಎರಡನೇ ಮಹಡಿಯ ಅಜ್ಜಿಯ ಬಾಗಿಲಲ್ಲೇ ನಿಂತುಬಿಡುತ್ತಾನೆ. ಅಜ್ಜಿಯ ಮೊಣಕಾಲು, ಅಜ್ಜಿಯ ಬೆಕ್ಕು, ಅಜ್ಜಿಯ ಸೊಸೆ, ಎಲ್ಲರ ಯೋಗಕ್ಷೇಮವೂ ಅಲ್ಲಿ ಆಗಬೇಕು. ಮನೆಯಲ್ಲಿಲ್ಲದ ಮಾತು ಮೆಟ್ಟಿಲ ಮೇಲೆ ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಕೊನೆಗೆ ಗುಟ್ಟು ಒಡೆದವಳು ಅಜ್ಜಿಯೇ.

"ಅಯ್ಯೋ ಹುಚ್ಚಿ, ಅವನೆಲ್ಲಿ ಮಾತಾಡ್ತಾನೆ? ಮಾತಾಡೋದೆಲ್ಲ ನಾನೇ. ಅವನು ಕಂಬಿ ಹಿಡ್ಕೊಂಡು ಏದುಸಿರು ಬಿಡ್ತಾ ನಿಂತಿರ್ತಾನೆ. ಮೇಲೆ ಹತ್ತೋಕೆ ಆಗ್ತಿಲ್ಲಮ್ಮ ನಿನ್ನ ಗಂಡನಿಗೆ."

ಟೈಲರಮ್ಮನ ನಗು ಅಲ್ಲೇ ನಿಂತಿತು.

ಅವಳ ಗಂಡ ಕಲ್ಲು ಕೊಯ್ಯುವವನು. ಅಡುಗೆಮನೆಯ ಕಟ್ಟೆಗೆ ಹಾಸುವ ನುಣುಪು ಕಲ್ಲನ್ನು ಅಳತೆಗೆ ಕತ್ತರಿಸುವ ಕಾರ್ಖಾನೆಯಲ್ಲಿ ಅವನೇ ಹಿರಿಯ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಯಂತ್ರ ಇಟ್ಟನೆಂದರೆ ಕೂದಲೆಳೆಯಷ್ಟೂ ಆಚೀಚೆ ಆಗದು. ಅದಕ್ಕೇ ಎಲ್ಲರಿಗೂ ಅವನು ಗೆರೆ ಮೇಸ್ತ್ರಿ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಅಂಗಿ ಎಲ್ಲ ಬಿಳೀ ಧೂಳು. ಮಗಳು ಓಡಿಬಂದು ತಬ್ಬಿಕೊಂಡರೆ ಅವಳ ಕೂದಲೂ ಬೆಳ್ಳಗಾಗುತ್ತಿತ್ತು. ಆ ಅಂಗಿಯನ್ನು ಬಾಲ್ಕನಿಯಲ್ಲಿ ಪಟಪಟ ಕೊಡವುತ್ತಿದ್ದವಳು ಟೈಲರಮ್ಮನೇ.

"ರೀ, ಆರೋಗ್ಯ ಕೇಂದ್ರಕ್ಕೆ ಹೋಗೋಣ ನಡೀರಿ," ಎಂದಳು.

"ನನಗೇನು ದಾಡಿ? ಕೆಲಸ ಮುಗಿದ ಮೇಲೆ ನಾವೆಲ್ಲ ಒಂದೊಂದು ಬಾಳೆಹಣ್ಣು ತಿಂತೀವಿ. ಧೂಳೆಲ್ಲ ಹಣ್ಣಿಗೆ ಅಂಟ್ಕೊಂಡು ಹೊಟ್ಟೆಗೆ ಜಾರುತ್ತೆ. ಆಯ್ತಲ್ಲ?"

ಆಗಲಿಲ್ಲ. ಟೈಲರಮ್ಮ ಬಿಡುವ ಹೆಂಗಸಲ್ಲ. ಮಾರನೇ ದಿನವೇ ಎಳೆದುಕೊಂಡು ಹೋದಳು. ಬಾಳೆಹಣ್ಣಿನ ಕಥೆ ಕೇಳಿ ಅಲ್ಲಿನ ನರ್ಸಮ್ಮ ನಕ್ಕುಬಿಟ್ಟಳು.

"ಮೇಸ್ತ್ರಿ, ಹಣ್ಣು ಹೋಗೋದು ಹೊಟ್ಟೆಗೆ, ಧೂಳು ಹೋಗೋದು ಶ್ವಾಸಕೋಶಕ್ಕೆ. ನೀವು ಇಡೀ ಗೊನೆ ತಿಂದ್ರೂ ಅವೆರಡೂ ಭೇಟಿ ಆಗಲ್ಲ."

ಎಕ್ಸ್‌ರೇ ಬಂದಾಗ ಮಾತ್ರ ಯಾರೂ ನಗಲಿಲ್ಲ. ಡಾಕ್ಟರು ನೋಡಿ ಹೇಳಿದ್ದನ್ನು ನರ್ಸಮ್ಮ ಬಿಡಿಸಿ ಹೇಳಿದಳು. "ಇದು ಸಿಲಿಕೋಸಿಸ್. ಕಣ್ಣಿಗೆ ಕಾಣದ ಕಲ್ಲಿನ ಧೂಳು ಒಳಗೆ ಕೂತು ಗಾಯ ಮಾಡುತ್ತೆ. ಆದ ಗಾಯ ಮಾಯೋದಿಲ್ಲ. ಆದ್ರೆ ನೀವು ಬೇಗ ಬಂದಿದ್ದೀರಿ. ಧೂಳಿಂದ ದೂರ ಇದ್ರೆ ಕಾಯಿಲೆ ಬೆಳೆಯೋದನ್ನ ನಿಧಾನ ಮಾಡಬಹುದು. ಇನ್ಮೇಲೆ ಕೊಯ್ಯೋ ಯಂತ್ರ ಮುಟ್ಟಬೇಡಿ. ಉಳಿದವರೂ ನೀರು ಹಾಯಿಸ್ಕೊಂಡೇ ಕೊಯ್ಯಲಿ."

ಮೇಸ್ತ್ರಿಯ ಮುಖ ಕೆಂಪಾಯಿತು. "ನೀರಿನ ಯಂತ್ರ ನಮ್ಮಲ್ಲೂ ಇದೆ ಸಿಸ್ಟರ್. ಅದರ ಪೈಪು ಕಿತ್ತು ಮೂಲೆಗೆ ಎಸೆದವನೇ ನಾನು. ನೀರು ಬಿದ್ರೆ ಪೆನ್ಸಿಲ್ ಗೆರೆ ತೊಳ್ಕೊಂಡು ಹೋಗುತ್ತೆ. ಗೆರೆ ಹೋದ್ಮೇಲೆ ಕಲ್ಲು ಕೆಡಲ್ವಾ?"

"ನಿಮ್ಮೊಬ್ಬರ ಸಮಸ್ಯೆ ಅಲ್ಲ ಮೇಸ್ತ್ರಿ. ಎಷ್ಟೋ ದೇಶದಲ್ಲಿ ಕಲ್ಲು ಕೊಯ್ಯೋರಿಗೆ ಇದೇ ಕಾಯಿಲೆ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂತ ಇದೆ. ಅಲ್ಲಿ ಸರ್ಕಾರದವರು, ಮಾಲೀಕರು, ಕಾರ್ಮಿಕರು ಮೂವರೂ ಒಟ್ಟಿಗೆ ಕೂತು ನಿಯಮ ಮಾಡ್ತಾರೆ. ಒಂದು ದೇಶ ಕಲಿತಿದ್ದನ್ನ ಇನ್ನೊಂದಕ್ಕೆ ಕಲಿಸ್ತಾರೆ."

"ದೊಡ್ಡವರ ಸಭೆ! ಅವರು ಎಲ್ಲೋ ಕೂತು ಕಾಫಿ ಕುಡಿದು ಎದ್ದು ಹೋದ್ರೆ, ಇಲ್ಲಿ ನನ್ನ ಗೆರೆ ಉಳಿಯುತ್ತಾ?"

ಅಷ್ಟರಲ್ಲಿ ಟೈಲರಮ್ಮನಿಗೆ ಮೈದುನನ ನೆನಪಾಯಿತು. ಅವನೂ ಕಲ್ಲು ಕೊಯ್ಯುವವನೇ, ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋಗಿದ್ದವನು. ಮನೆಗೆ ಬಂದವಳೇ ವಿಡಿಯೋ ಕಾಲ್ ಮಾಡಿದಳು.

"ಅತ್ತಿಗೆ, ಫೋನು ಅಣ್ಣನ ಕೈಗೆ ಕೊಡಿ," ಎಂದ ಮೈದುನ, ತನ್ನ ಕಾರ್ಖಾನೆಯನ್ನೇ ತೋರಿಸಿದ. ಕಲ್ಲಿನ ಮೇಲೆ ನೀರು ಹರಿಯುತ್ತಿತ್ತು. ಧೂಳಿನ ಸುಳಿವೇ ಇಲ್ಲ. ನೀರಿನಡಿಯಲ್ಲಿ ಹಳದಿ ಗೆರೆ ಹಾಗೇ ಇತ್ತು.

ಮೇಸ್ತ್ರಿ ಫೋನನ್ನು ಮೂಗಿಗೇ ಹಿಡಿದ. "ಏಯ್, ಆ ಗೆರೆ ಯಾಕೋ ಅಳಿಸ್ತಿಲ್ಲ?"

"ಮೇಣದ ಕಡ್ಡಿ ಅಣ್ಣ! ಮಕ್ಕಳ ಕ್ರೆಯಾನ್ ಥರದ್ದು. ನಾನೂ ಮೊದಲು ಪೆನ್ಸಿಲ್ ಹಿಡಿದು ಒದ್ದಾಡ್ತಿದ್ದೆ. ಪಕ್ಕದ ಯಂತ್ರದವನು ಇನ್ಯಾವುದೋ ದೇಶದವನು. ಅವನ ಮಾತು ನನಗೆ ಬರಲ್ಲ, ನನ್ನದು ಅವನಿಗೆ ಬರಲ್ಲ. ಜೇಬಿಂದ ಇದನ್ನ ತೆಗೆದು ಸುಮ್ನೆ ಕೈಗಿಟ್ಟ."

"ನಿಧಾನ ಆಯ್ತು ಅಂತ ಮಾಲೀಕ ಬೈಯಲ್ವೇನೋ?"

"ನೀರಿಲ್ಲದೆ ಕೊಯ್ದರೇ ಬೈತಾನೆ. ಇಲ್ಲಿ ನಿಯಮ ಇದೆ. ಮೊನ್ನೆ ಪೈಪು ಕೆಟ್ಟಾಗ ನಾವೆಲ್ಲ ಕೆಲಸ ನಿಲ್ಲಿಸಿ ಕೂತ್ವಿ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅಣ್ಣ, ನೀನು ಗಟ್ಟಿಯಾಗಿದ್ರೆ ತಾನೇ ನಾನು ವಾಪಸ್ ಬಂದಾಗ ಬೈಸ್ಕೊಳ್ಳೋದು?"

ಮೇಸ್ತ್ರಿ ಎದ್ದು ಹೋಗಿ ಮಗಳ ಶಾಲೆಯ ಚೀಲಕ್ಕೆ ಕೈ ಹಾಕಿದ.

"ಅಪ್ಪಾ, ಅದು ನನ್ನ ಹಸಿರು!"

ಹಸಿರು ಕ್ರೆಯಾನಿನಿಂದ ಅಡುಗೆಮನೆಯ ಕಟ್ಟೆಗೆ ಉದ್ದಕ್ಕೆ ಒಂದು ಗೆರೆ ಎಳೆದ. "ಅಯ್ಯೋ, ನನ್ನ ಕಟ್ಟೆ!" ಎಂದು ಟೈಲರಮ್ಮ ಕೂಗುವಷ್ಟರಲ್ಲಿ ಚೊಂಬಿನ ನೀರು ಸುರಿದೂ ಆಯಿತು. ನೀರು ಜಾರಿ ಹೋಯಿತು. ಗೆರೆ ಕದಲಲಿಲ್ಲ. ಗಂಡನ ಕಣ್ಣಲ್ಲಿ ನೀರು ನೋಡಿ ಅವಳು ಬೈಗುಳವನ್ನು ನುಂಗಿಕೊಂಡಳು.

ಮಾರನೇ ದಿನ ಮೇಸ್ತ್ರಿ, ಟೈಲರಮ್ಮ, ನರ್ಸಮ್ಮ ಮೂವರೂ ಕಾರ್ಖಾನೆಗೆ ಹೋದರು. ಮಾಲೀಕ ತಲೆ ಕೆರೆದುಕೊಂಡ. "ನೀರಿಲ್ಲದೆ ಕೊಯ್ದರೆ ಕೆಲಸ ಬೇಗ ಆಗುತ್ತೆ ಕಣಮ್ಮ. ನಾನು ನೀರು ಹಾಕ್ತಾ ಕೂತ್ರೆ ಇನ್ನೊಂದು ದೇಶದವನು ಆರ್ಡರ್ ಹೊಡ್ಕೊಂಡು ಹೋಗ್ತಾನೆ."

"ಅದಕ್ಕೇ ಎಲ್ಲ ದೇಶಕ್ಕೂ ಒಂದೇ ನಿಯಮ ಇರ್ಲಿ ಅಂತ ಒದ್ದಾಡ್ತಿರೋದು," ಎಂದಳು ನರ್ಸಮ್ಮ. "ಆಗ ಅವನೂ ನೀರು ಹಾಕಬೇಕು, ನೀವೂ ಹಾಕಬೇಕು. ಜೀವ ಅಡ ಇಟ್ಟು ಅಗ್ಗಕ್ಕೆ ಮಾರೋ ಹಾಗಿಲ್ಲ."

ಮೇಸ್ತ್ರಿ ಒಂದು ಕಲ್ಲಿಗೆ ಹಸಿರು ಗೆರೆ ಎಳೆದು ನೀರು ಸುರಿದ. ಮಾಲೀಕ ಬೆರಳಿಂದ ಉಜ್ಜಿ ನೋಡಿದ. "ಇಷ್ಟೇನಾ? ಇಷ್ಟಕ್ಕೇನಾ ಪೈಪು ಕಿತ್ತಿದ್ದು?" ಎಂದವನು ಎಲೆಕ್ಟ್ರಿಷಿಯನ್ನನ್ನು ಕರೆಸಿದ. ನೀರು ಬಿದ್ದರೂ ಶಾಕ್ ಹೊಡೆಯದಂತೆ ವೈರು, ಅರ್ಥಿಂಗ್ ಎಲ್ಲ ಸರಿಮಾಡಿಸಿದ ಮೇಲೆ ನೀರಿನ ಯಂತ್ರ ಮತ್ತೆ ಓಡಿತು. ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಕರ್ಚೀಫಿನ ಬದಲು ಎಲ್ಲರಿಗೂ ಸರಿಯಾದ ಮಾಸ್ಕು ಬಂತು. ಧೂಳನ್ನು ಒಣದಾಗಿ ಗುಡಿಸುವುದು ನಿಂತು, ನೀರು ಹಾಕಿ ತೊಳೆಯುವುದು ಶುರುವಾಯಿತು. ಎಲ್ಲರಿಗೂ ತಪಾಸಣೆಯಾಯಿತು. ಮೇಸ್ತ್ರಿಯ ಕೆಲಸ ಈಗ ಬೇರೆ ಕೋಣೆಯಲ್ಲಿ ಗೆರೆ ಎಳೆಯುವುದು ಮಾತ್ರ.

ಈಗಲೂ ಅವನು ಅಜ್ಜಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಆದರೆ ನಾಟಕವಿಲ್ಲ. "ಸ್ವಲ್ಪ ಉಸಿರು ತಗೋತೀನಿ ಕಣೇ," ಎಂದು ಹೆಂಡತಿಗೆ ಕೂಗಿ ಹೇಳಿ ಮೆಟ್ಟಿಲ ಮೇಲೆ ಕೂರುತ್ತಾನೆ. ಟೈಲರಮ್ಮ ಇಳಿದು ಬಂದು ಪಕ್ಕದಲ್ಲಿ ಕೂರುತ್ತಾಳೆ. ಕಾರ್ಖಾನೆಯಲ್ಲೇ ಅಂಗಿ ಬದಲಿಸಿ ಬಂದ ಅಪ್ಪನನ್ನು ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆ. ಅವಳ ಕೂದಲು ಕಪ್ಪಗೇ ಇರುತ್ತದೆ.

"ನನ್ನ ಹಸಿರು ಎಲ್ಲಪ್ಪಾ?"

"ಅದು ಕೆಲಸಕ್ಕೆ ಸೇರಿಬಿಟ್ಟಿದೆ ಪುಟ್ಟಿ. ನಿನಗೆ ಹೊಸದು ತಂದಿದ್ದೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಮೆಟ್ಟಿಲ ನಡುವೆ ನೆಪ ಹೇಳಿ ನಿಲ್ಲುತ್ತಿದ್ದಾರಾ? ಇಂದೇ ತಪಾಸಣೆಗೆ ಕರೆದುಕೊಂಡು ಹೋಗಿ. ಕೆಲಸದ ಜಾಗದಲ್ಲಿ ಧೂಳು ತಡೆಯಲು ಏನು ಮಾಡಿದ್ದಾರೆಂದು ಕೇಳಿ, ಒಬ್ಬರೇ ಅಲ್ಲ, ಎಲ್ಲರೂ ಸೇರಿ ಕೇಳಿ. ಹೊರದೇಶದಲ್ಲಿ ನಿಮ್ಮದೇ ಕೆಲಸ ಮಾಡುವ ನೆಂಟರಿದ್ದರೆ ಫೋನು ಮಾಡಿ, ಅಲ್ಲಿ ಹೇಗೆ ಮಾಡುತ್ತಾರೆ ಎಂದು ವಿಚಾರಿಸಿ, ನಿಮಗೆ ಗೊತ್ತಿರುವುದನ್ನು ಅವರಿಗೂ ಹೇಳಿ. ಮನೆಯಲ್ಲಿ ನಿಮ್ಮನ್ನು ತಬ್ಬಿಕೊಳ್ಳಲು ಕಾಯುತ್ತಿರುವವರಿದ್ದಾರೆ.