ಎಡಗೈಯ ಕಲ್ಲುಸಕ್ಕರೆ

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿಬರುವುದೆಂದರೆ ಕಸ್ತೂರಮ್ಮನಿಗೆ ಈಗೀಗ ಮೈ ಹಣ್ಣಾಗುವ ಕೆಲಸ. ಅರವತ್ತು ದಾಟಿದ ಸೊಂಟ. ಅದರ ಮೇಲೆ ನಾಲ್ಕು ತುಂಬಿದ ಮೊಮ್ಮಗ ಶಿವು. ಅವನಿಗೆ ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಬೇಕಾದ್ದು ಕೈಗೆ ಬರುವುದು ಚೂರು ತಡವಾದರೆ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಜನ ಎದ್ದು ಜಾಗ ಬಿಡುತ್ತಿದ್ದುದು ಮುದುಕಿಯ ಮೇಲಿನ ಮರುಕಕ್ಕೋ, ಆ ಹುಡುಗನ ಕೂಗಾಟದಿಂದ ದೂರವಾಗಲಿಕ್ಕೋ, ಅವಳು ವಿಚಾರಿಸಲು ಹೋಗಿರಲಿಲ್ಲ.

ದಾವಣಗೆರೆಯ ಹಳೆಯ ಛತ್ರವೊಂದರ ಹಿಂದಿನ ಕೋಣೆಯಲ್ಲಿ ಗುರುವಾರ ಗುರುವಾರ ಇಂಥ ಮಕ್ಕಳನ್ನು ಸಾಕುವವರು ಸೇರುತ್ತಿದ್ದರು. ಕೂಡಿಸುತ್ತಿದ್ದವಳು ಸುಧಾ, ಇಂಥ ಮಕ್ಕಳಿಗೆ ಕಲಿಸುವುದನ್ನು ಮೈಸೂರಿನಲ್ಲಿ ಓದಿಬಂದ ಹುಡುಗಿ. ಅವಳು ತಾನು ಮಾತಾಡುವುದಕ್ಕಿಂತ ಬಂದವರನ್ನು ಮಾತಾಡಿಸುವುದೇ ಹೆಚ್ಚು. ಕೊಕ್ಕನೂರಿನ ಉಡಚಮ್ಮ ತನ್ನ ಮಗಳು ಕಚ್ಚಿದ ಗಾಯ ತೋರಿಸಿ ಅಳುತ್ತಿದ್ದಳು. ಮಂಡಕ್ಕಿ ಭಟ್ಟಿಯ ಹಯಾತ್ ಸಾಬ್ ತನ್ನ ಮಗ ಇಡೀ ವಾರ ಬಾಗಿಲು ತೆಗೆದು ಮುಚ್ಚಿದ್ದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಬರುವಾಗ ಒಂದು ಚೀಲ ಬಿಸಿ ಮಂಡಕ್ಕಿಯನ್ನೂ ತರುತ್ತಿದ್ದ.

ಆ ಮಂಡಕ್ಕಿಯಿಂದಲೇ ಸುಧಾ ಪಾಠ ಶುರುಮಾಡಿದ್ದಳು. ಮಗುವಿಗೆ ಇಷ್ಟವಾದುದನ್ನು ಕಣ್ಣೆದುರು ಹಿಡಿಯಬೇಕು, ಆದರೆ ಕೊಡದೆ ಸುಮ್ಮನೆ ಕಾಯಬೇಕು. ಅದು ಕೈ ಚಾಚಲಿ, ಮುಖ ನೋಡಲಿ, ಒಂದು ಸದ್ದು ಮಾಡಲಿ. ಹೇಗಾದರೂ ಕೇಳಿದ ಮೇಲೆಯೇ ಕೊಡಬೇಕು. ಉಡಚಮ್ಮ ಮಾಡಿದಳು. ಹಯಾತ್ ಸಾಬನೂ ಮಾಡಿದ. ಕಸ್ತೂರಮ್ಮನ ಸರದಿ ಬಂದಾಗ ಶಿವು ಇನ್ನೂ ಮೂಗು ಅರಳಿಸುವಷ್ಟರಲ್ಲೇ ಹಿಡಿ ಮಂಡಕ್ಕಿ ಅವನ ಮಡಿಲಿನಲ್ಲಿತ್ತು. ಪ್ರತಿ ವಾರವೂ ಹೀಗೇ.

"ಅಮ್ಮಾರೆ, ನಿಮ್ಮ ಮೊಮ್ಮಗ ಭಾರಿ ಸಾಹುಕಾರ ಬಿಡ್ರಿ," ಎಂದ ಹಯಾತ್ ಸಾಬ್. "ಹಸಿವು ಆಗೋಕೂ ಆಳು ಇಟ್ಟಾನೆ."

ಎಲ್ಲರೂ ನಕ್ಕರು. ಕಸ್ತೂರಮ್ಮನೂ ನಕ್ಕಳು. ಅವಳು ಬೆಳೆದ ಮನೆಯಲ್ಲಿ ಹೊಸಿಲು ತುಳಿದವರು ಬಾಯಿಬಿಟ್ಟು ಬೇಡುವ ಮುಂಚೆ ಎಲೆ ಹಾಕಬೇಕು. ಅವರಾಗಿ ಕೇಳಿದರೆಂದರೆ ಮನೆಯವರಿಗೆ ಅವಮಾನ. ಜಂಗಮರಿಗೆ, ಆಳುಮಕ್ಕಳಿಗೆ ಹಾಗೆ ಉಣಬಡಿಸಿದ ಕೈ ತಾಯಿಲ್ಲದ ಕೂಸಿನೆದುರು ಮುಷ್ಟಿ ಬಿಗಿಯುವುದಾದರೂ ಹೇಗೆ?

ಅದಕ್ಕಿಂತ ದೊಡ್ಡ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಶಿವುನ ತಾಯಿ, ಮಗಳು ರೂಪಶ್ರೀ, ತನ್ನನ್ನು ಆಪರೇಷನ್ನಿಗೆ ಒಯ್ಯುವ ಮುಂಚೆ, "ಅವ್ವಾ, ಒಂದು ಗುಟುಕು ನೀರು ಕೊಡೇ," ಎಂದು ಕೇಳಿದ್ದಳು. ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಕಸ್ತೂರಮ್ಮ ಕೊಡಲಿಲ್ಲ. ಒಳಗೆ ಹೋದ ಮಗಳು ಹೊರಗೆ ಬರಲಿಲ್ಲ. ಡಾಕ್ಟರು ಹೇಳಿದ್ದು ಸರಿಯೆಂದು ಅವಳ ಬುದ್ಧಿಗೆ ಗೊತ್ತು. ಕೈಗೆ ಗೊತ್ತಿಲ್ಲ.

ಆ ದಿನ ಹೊರಡುವಾಗ ಸುಧಾ ಬಾಗಿಲವರೆಗೂ ಬಂದಳು.

"ಅವ್ವಾರೆ, ಬೇಜಾರು ಮಾಡ್ಕೋಬ್ಯಾಡ್ರಿ. ಇವನಿಗೆ ಏನು ಬೇಕು ಅನ್ನೋದು ಜಗತ್ತಿನಾಗ ನಿಮಗೊಬ್ಬರಿಗೇ ಗೊತ್ತೈತೆ. ನಿಮ್ಮ ನಂತರ ಇವನು ಯಾರನ್ನ ಹೆಂಗೆ ಕೇಳಬೇಕು?"

ಕಸ್ತೂರಮ್ಮ ಶಿವುನನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟಳು. ಬಸ್ಸು ತುಂಗಭದ್ರೆಯ ದಂಡೆಯ ಹರಿಹರ ಸೇರುವವರೆಗೂ ಆ ಮಾತು ಎದೆಯಲ್ಲಿ ಕುಟ್ಟುತ್ತಿತ್ತು. ಆ ರಾತ್ರಿಯೂ, ಮರುದಿನವೂ ಕೊಡದೆ ಕಾಯಲು ಪ್ರಯತ್ನಪಟ್ಟಳು. ಅವನು ಕಿರುಚಿದೊಡನೆ ಸೋತಳು.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಜೊತೆಗಿದ್ದ ಸೊಸೆ ನಂದಿಗುಡಿಯ ತವರಿಗೆ ಹೋಗಿದ್ದಳು. ದಿನವೂ ಪೂಜೆಯ ಹೊತ್ತಿಗೆ ಶಿವುನನ್ನು ಹಿತ್ತಲಿಗೆ ಒಯ್ಯುತ್ತಿದ್ದವಳು ಅವಳೇ. ಇವತ್ತು ಅವನು ಪೂಜೆಯ ಕೋಣೆಯಲ್ಲೇ ಲಿಂಗವಿಡುವ ಕರಡಿಗೆಯ ಮುಚ್ಚಳ ತಿರುಗಿಸುತ್ತಾ ಕೂತ. ಕಸ್ತೂರಮ್ಮ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ನೆಟ್ಟಳು. ಜಪ ಮುಗಿಯುವವರೆಗೆ ಏಳಬಾರದು, ಮಾತಾಡಬಾರದು. ಮದುವೆಯಾದ ದಿನದಿಂದ ಆ ನೇಮ ತಪ್ಪಿರಲಿಲ್ಲ.

ನೈವೇದ್ಯದ ಬಟ್ಟಲಲ್ಲಿ ಕಲ್ಲುಸಕ್ಕರೆಯಿತ್ತು. ಶಿವು ಅದನ್ನು ಕಂಡ. ಬಟ್ಟಲು ಅವಳ ಬಲ ಮೊಣಕಾಲಿನ ಆಚೆ, ಗೋಡೆಯ ಸಂದಿನಲ್ಲಿ. ಅವನ ಕೈಗೆ ಎಟುಕದು. ಕಿರುಚಿದ. ಅವಳು ಅಲುಗಲಿಲ್ಲ. ಅವಳ ಬೆನ್ನಿಗೆ ತಲೆ ಗುದ್ದಿದ. ಬಾಯಿಗೆ ಬಂದ ಅವನ ಹೆಸರನ್ನು ನುಂಗಿ, ಕಣ್ಣಲ್ಲಿ ನೀರು ತುಂಬಿದರೂ ಜಪ ಮುಂದುವರಿಸಿದಳು. ನೇಮವೊಂದು ಹಿಡಿದು ಕೂರಿಸಿರದಿದ್ದರೆ ಆಗಲೇ ಕೊಟ್ಟಿರುತ್ತಿದ್ದಳು.

ಗುದ್ದಾಟ ನಿಂತಿತು. ಹುಡುಗ ಸುತ್ತಿಬಂದು ಎದುರಿಗೆ ಕೂತ. ಅವಳ ಅಂಗೈ ನೋಡಿದ. ಆಮೇಲೆ ಮುಖ ನೋಡಿದ, ನೇರವಾಗಿ, ಎಂದೂ ನೋಡದವನು. ತನ್ನ ಎಡಗೈಯನ್ನು ಅವಳದರ ಹಾಗೆಯೇ ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಬಿಚ್ಚಿ ಚಾಚಿದ.

ಕಸ್ತೂರಮ್ಮನ ತುಟಿ ನಿಂತುಹೋಯಿತು. ಜಪ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ಬಿಟ್ಟು, ಬಲಗೈಯಿಂದ ಒಂದು ಹರಳು ಎತ್ತಿ ಆ ಪುಟ್ಟ ಅಂಗೈಯಲ್ಲಿ ಇಟ್ಟಳು. ಎಡಗೈಯಲ್ಲಿ ತಿನ್ನಬಾರದೆಂದು ತಿದ್ದಲಿಲ್ಲ. ಅವನು ಬಾಯಿಗೆ ಹಾಕಿಕೊಂಡು ಮುಚ್ಚಳದ ಕಡೆಗೆ ತಿರುಗಿದ, ಏನೂ ಆಗಿಲ್ಲವೆಂಬಂತೆ.

ಕಸ್ತೂರಮ್ಮ ಕಣ್ಣೊರೆಸಿಕೊಂಡಳು. ಶಿವನಲ್ಲಿ ಕ್ಷಮೆ ಕೇಳಿ, ಬಿಟ್ಟಲ್ಲಿಂದ ಜಪ ಹಿಡಿದು ಮುಗಿಸಿದಳು. ಲಿಂಗವನ್ನು ಕಣ್ಣಿಗೊತ್ತಿಕೊಂಡು ವಸ್ತ್ರದಲ್ಲಿ ಸುತ್ತಿದಳು. ಅಷ್ಟರಲ್ಲಿ ಹರಳು ಕರಗಿತ್ತು. ಶಿವು ಮತ್ತೆ ಬಂದು ಬಟ್ಟಲು ನೋಡಿ ಕಿರುಗುಟ್ಟತೊಡಗಿದ.

ಈಗ ಪೂಜೆ ಮುಗಿದಿತ್ತು. ಅವಳನ್ನು ಕಟ್ಟಿಹಾಕುವ ನೇಮ ಯಾವುದೂ ಇರಲಿಲ್ಲ. ಬಲಗೈ ಬಟ್ಟಲಿನತ್ತ ಹೋಯಿತು. ಅದನ್ನು ಎಡಗೈಯಿಂದ ಹಿಡಿದುಕೊಂಡು, ಬಾಯಿಬಿಡದೆ, ಕಸ್ತೂರಮ್ಮ ಕಾದಳು.