ಸವಾಲಷ್ಟೇ ಉಳಿದ ಪುಟ

"ನಿಮ್ಮ ಜವಾಬು ಒಂದೂ ಅಳಿಸಿ ಹೋಗಾಕ ಬಿಡಂಗಿಲ್ಲ, ಕಾಕಾ" ಎಂದು ಬ್ಲಾಗು ಶುರು ಮಾಡಿದ ದಿನ ಮೆಹೆರಾಜ ತನ್ನ ಅಪ್ಪನ ಗೆಳೆಯ ರಾಜೇಸಾಬನಿಗೆ ಮಾತು ಕೊಟ್ಟಿದ್ದಳು.

ಮನೋಳಿಯ ಮೊಹರಮ್ಮಿನಲ್ಲಿ ಅಪ್ಪ ಹಾಡಿನ ಪದ ಕಟ್ಟಿ ಸವಾಲು ಹಾಕುತ್ತಿದ್ದ. ರಾಜೇಸಾಬ ಪದದಲ್ಲೇ ಜವಾಬು ಕೊಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವಳು ಸವಾಲುಗಳನ್ನು ಬ್ಲಾಗಿನ ಬರಹವಾಗಿಯೂ, ರಾಜೇಸಾಬ ಹೇಳಿದ ಜವಾಬುಗಳನ್ನು ಕೆಳಗೆ ಕಾಮೆಂಟಾಗಿಯೂ ಹಾಕಿದಳು. ಹಾಡಿಕೆಯ ಕ್ರಮವೇ ಅದು; ಜವಾಬು ಕೊಡದವನು ಸೋತಂತೆ.

ಸವದತ್ತಿಯ ನೆಟ್ ಸೆಂಟರಿನಲ್ಲಿ ಆ ಬ್ಲಾಗು ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. 2009ರಲ್ಲಿ, ಹೊಲಿಗೆ ಮತ್ತು ಮಕ್ಕಳ ಊಟದ ನಡುವೆ, ಅವಳು ಅದನ್ನು ಬೇಗ ತೆರೆಯುವ ಸ್ಟ್ಯಾಟಿಕ್ ಸೈಟಿಗೆ ಸಾಗಿಸಿದಳು. ಪುಟಗಳನ್ನು ಮೊದಲೇ ಸಿದ್ಧ ಮಾಡಿಡುವ ಆ ತಂತ್ರಾಂಶ ಬರಹಗಳನ್ನಷ್ಟೇ ತೆಗೆದುಕೊಂಡು ಕಾಮೆಂಟುಗಳನ್ನು ಬಿಟ್ಟಿತ್ತು. ಅದನ್ನು ಗಮನಿಸದೆ ಹಳೆಯ ಬ್ಲಾಗನ್ನು ಅಳಿಸಿಬಿಟ್ಟಳು. ಆಮೇಲೆ ರಾಜೇಸಾಬನನ್ನು ಕರೆತಂದು ತೋರಿಸಿದಳು.

"ಎಷ್ಟು ಲಗೂನ ಬಂತು ನೋಡ್ರಿ, ಕಾಕಾ!"

"ಬಂತವಾ. ಆದ್ರ ನಿಮ್ಮಪ್ಪ ಒಬ್ಬನ ಕೇಳಕೋಂತ ಕುಂತಾನಲ್ಲ. ನಾ ಎಲ್ಲಿ ಅದೇನಿ?"

ಅವಳು ಪುಟದಿಂದ ಪುಟಕ್ಕೆ ಹೋದಳು. ಎಲ್ಲೂ ಜವಾಬಿರಲಿಲ್ಲ.

"ಇನ್ನೊಮ್ಮೆ ಹೇಳ್ರಿ, ಬರಕೊಂತೇನಿ."

"ಈಗೆಲ್ಲಿ ನೆನಪ ಅದಾವ? ಓದಿದವ್ರು ರಾಜೇಸಾಬ ಸೋತ ಅಂತಾರ. ನಿಮ್ಮಪ್ಪ ಇರೋತನಕ ಒಮ್ಮೆನೂ ಸೋತಿದ್ದಿಲ್ಲ ನಾ" ಎಂದು ಅವನು ನಗಲು ನೋಡಿದ.

ಮೆಹೆರಾಜ ಕೊಟ್ಟ ಮಾತು ಉಳಿಯಲಿಲ್ಲ.