ಎರಡನೆಯ ಭೇಟಿಯ ವೇಳಾಪಟ್ಟಿ

ಬೀರುವಿನೊಳಗೆ ತಲೆ ತೂರಿಸಿಕೊಂಡು ಮಗಳು ಬಿಳಿ ಅಂಗಿ ಹುಡುಕುತ್ತಿದ್ದಳು. ಬಿಳಿಯದೇ ಆಗಬೇಕೆಂದು ಅತ್ತೆಯ ಹಟ. ಆದರೆ ಅಪ್ಪನ ಬಿಳಿ ಅಂಗಿಗಳಲ್ಲಿ ಒಂದಕ್ಕೂ ಜೇಬು ನೆಟ್ಟಗಿರಲಿಲ್ಲ, ಎಲ್ಲದರಲ್ಲೂ ಶಾಯಿಯ ಕಲೆ. ಮೂವತ್ತೆಂಟು ವರ್ಷ ಸಾರಿಗೆ ಕಚೇರಿಯಲ್ಲಿ ಕೂತು ಬಸ್ಸುಗಳ ವೇಳಾಪಟ್ಟಿ ಬರೆದವರು ಅವರು. ಡಿಪೊದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಟೈಂಟೇಬಲ್ ಎಂದು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಜೇಬಿಗೆ ಪೆನ್ನು ಸಿಕ್ಕಿಸದೆ ಹೊಸಿಲು ದಾಟಿದವರಲ್ಲ.

ಎಲ್ಲಕ್ಕಿಂತ ಹಿಂದೆ ಒಂದು ತಿಳಿನೀಲಿ ಅಂಗಿ ತೂಗುತ್ತಿತ್ತು. ಹೊಸದು, ಇಸ್ತ್ರಿಯಾಗಿದೆ, ಒಮ್ಮೆಯೂ ತೊಟ್ಟಿಲ್ಲ. ಅಪ್ಪ ಹೊಸ ಅಂಗಿ ಕೊಂಡದ್ದು ಮಗಳಿಗೆ ನೆನಪಿರಲಿಲ್ಲ. ಅವಳೇ ತಂದುಕೊಟ್ಟರೂ, ಇರೋದು ಹರೀಲಿ ಎನ್ನುತ್ತಿದ್ದ ಮನುಷ್ಯ. ಅವಳು ಅದರ ಜೇಬಿಗೆ ಕೈ ಹಾಕಿದಾಗ ನಾಲ್ಕಾಗಿ ಮಡಚಿದ ಕಾಗದ ಸಿಕ್ಕಿತು. ಗೆರೆ ಎಳೆದು, ಕಾಲಂ ಮಾಡಿ, ದುಂಡಗೆ ಬರೆದದ್ದು.

ಗುರುವಾರ.
4.00 – ಹದಿನಾಲ್ಕರ ಕೊನೆಯ ನಿಲ್ದಾಣ. ಮೂರನೆಯ ಬೆಂಚು. ಒಂದನೆಯದು ಅಲ್ಲಾಡುತ್ತದೆ, ಎರಡನೆಯದಕ್ಕೆ ಕಣ್ಣಿಗೆ ಬಿಸಿಲು.
4.10 – ಮೂಲೆ ಅಂಗಡಿಯಲ್ಲಿ ಚಹಾ. ಗಾಜಿನ ಲೋಟದಲ್ಲೇ ಕೇಳುವುದು.
6.10 – ಆಕೆಯ ಬಸ್ಸು. ಹತ್ತಿಸಿಯೇ ಹೊರಡುವುದು. ಮೂರನೆಯ ಭೇಟಿಯ ಮಾತು ಆಕೆ ಎತ್ತಿದರೆ ಮಾತ್ರ.

ನಾಲ್ಕೂ ಹತ್ತಕ್ಕೂ ಆರೂ ಹತ್ತಕ್ಕೂ ನಡುವೆ ಅರ್ಧ ಹಾಳೆ ಖಾಲಿ ಇತ್ತು.

ಅವಳು ಎರಡು ಸಲ ಓದಿದಳು. ಅಪ್ಪ ತೀರಿಕೊಂಡದ್ದು ಬುಧವಾರ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ. ಇವತ್ತು ಗುರುವಾರ.

"ಸಿಕ್ತೇನೇ?" ಎಂದು ಅತ್ತೆ ಒಳಗೆ ಬಂದರು. ಅಪ್ಪನ ಅಕ್ಕ, ಎಪ್ಪತ್ತನಾಲ್ಕು ವರ್ಷ, ಕೋಪ ಮೂಗಿನ ತುದಿಯಲ್ಲೇ. ನೀಲಿ ಅಂಗಿ ನೋಡಿ ಮುಖ ಗಂಟಿಕ್ಕಿದರು. ಮಗಳು ವಾದಕ್ಕೆ ಇಳಿಯಲಿಲ್ಲ. ಇದನ್ನೇ ಹಾಕೋಣ, ಇದು ಅವರು ಆರಿಸಿಕೊಂಡಿದ್ದು ಎಂದಷ್ಟೇ ಹೇಳಿದಳು. ಅಪ್ಪ ದಪ್ಪ ಆಳು. ಮೂವರು ಸೇರಿ ತೋಳು ತೂರಿಸಬೇಕಾಯಿತು.

*

ಅಪ್ಪನ ಬದುಕಿನಲ್ಲಿ ಎರಡನೆಯ ಭೇಟಿ ಎಂಬುದು ಹಿಂದೊಮ್ಮೆ ಬಂದಿತ್ತು, ಮತ್ತು ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಆಗ ಅವರಿಗೆ ಇಪ್ಪತ್ತೆಂಟು. ಹುಡುಗಿ ದೂರವಾಣಿ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಮೊದಲ ಸಲ ಸಹೋದ್ಯೋಗಿಯ ಮದುವೆಯಲ್ಲಿ ಪರಿಚಯವಾಗಿ, ನಗುನಗುತ್ತಾ ಒಂದು ಗಂಟೆ ಮಾತಾಡಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎರಡನೆಯ ಸಲಕ್ಕೆ ಇವರು ರಾತ್ರಿ ಹಗಲು ಕೂತು ತಯಾರಿ ಮಾಡಿದರು.

ಮೂರು ಗಂಟೆಯಲ್ಲಿ ಹನ್ನೊಂದು ಕಡೆ. ವಸ್ತುಸಂಗ್ರಹಾಲಯಕ್ಕೆ ಇಪ್ಪತ್ತು ನಿಮಿಷ, ಉದ್ಯಾನಕ್ಕೆ ಹದಿನೈದು, ಐಸ್‌ಕ್ರೀಮಿಗೆ ಎಂಟು. ಹುಡುಗಿಗೆ ಒಂದು ಚಿತ್ರದ ಮುಂದೆ ನಿಲ್ಲಬೇಕೆನಿಸಿದಾಗ ಇವರು ಗಡಿಯಾರ ನೋಡಿದರು. ಐಸ್‌ಕ್ರೀಮು ಕೈಯಲ್ಲಿ ಕರಗುತ್ತಿದ್ದಾಗ ಇನ್ನೆರಡು ನಿಮಿಷ ಇದೆ ಎಂದರು. ಒಂಬತ್ತನೆಯ ಜಾಗದಲ್ಲಿ ಹುಡುಗಿ ಚಪ್ಪಲಿ ಬಿಚ್ಚಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಾನು ಮನುಷ್ಯಳು ಕಣ್ರೀ, ಬಸ್ಸಲ್ಲ," ಎಂದಳು.

ಇವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ದೊಡ್ಡ ಮನಸ್ಸಿನವಳು. ಕೈಗಡಿಯಾರ ಬಿಚ್ಚಿಟ್ಟು ಬರುವುದಾದರೆ ಇನ್ನೊಂದು ಸಲ ನೋಡೋಣ ಎಂದಳು. ಇವರು ಬಿಚ್ಚಿಟ್ಟು ಹೋದರು, ಹೊತ್ತು ತಿಳಿಯದೆ ಒಂದು ಗಂಟೆ ಮೊದಲೇ ಹೋಗಿ ನಿಂತಿದ್ದರು. ಮದುವೆಯಾದ ಮೇಲೆ ಇಪ್ಪತ್ತೊಂಬತ್ತು ವರ್ಷ ಆಕೆ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿ ಗಂಡನ ಕಿವಿ ಕೆಂಪಾಗಿಸುತ್ತಿದ್ದರು. ಆಕೆ ಹೋಗಿ ಒಂಬತ್ತು ವರ್ಷವಾಗಿದೆ.

*

ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದ ಡ್ರೈವರನ್ನು ಮಗಳು ಮೆಟ್ಟಿಲ ಕೆಳಗೆ ಕರೆದು ಕಾಗದ ತೋರಿಸಿದಳು. ಅಪ್ಪನ ಹಳೆಯ ಗೆಳೆಯ, ಹದಿನಾಲ್ಕನೆಯ ನಂಬರಿನ ಬಸ್ಸನ್ನೇ ಇಪ್ಪತ್ತು ವರ್ಷ ಓಡಿಸಿದವರು. ಕಾಗದ ನೋಡುತ್ತಲೇ ಆ ಗಟ್ಟಿ ಮನುಷ್ಯ ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು.

ಆಮೇಲೆ ಒಂದೊಂದಾಗಿ ಹೇಳಿದರು. ಆಕೆ ಪರದೆ ಹೊಲಿಯುವ ಹೆಂಗಸು, ಒಂಟಿ, ಅರವತ್ತರ ಆಸುಪಾಸು. ಪರಿಚಯವಾಗಿ ಎರಡು ವಾರ. ಭೇಟಿ ಒಂದೇ ಒಂದು ಸಲ. ಇವತ್ತು ನಾಲ್ಕಕ್ಕೆ ಎರಡನೆಯದು.

"ಅವ್ರಿಗೆ ಫೋನ್ ಮಾಡಿ ಹೇಳೋಣ, ಅಂಕಲ್."

"ನಂಬರ್ ಇಲ್ಲ ಕಣಮ್ಮ. ತಗೊಳ್ಳೋ ಅಂತ ಬಡ್ಕೊಂಡೆ. ಜಾಗ ಹೇಳಿದೀನಿ, ಟೈಮ್ ಹೇಳಿದೀನಿ, ಇನ್ನೇನು ಬೇಕು ಅಂದ. ಹದಿನಾಲ್ಕು ಹತ್ತೋರು ಬಸ್ಸಿಗೆ ಫೋನ್ ಮಾಡಿ ಬರ್ತೀಯಾ ಅಂತ ಕೇಳ್ತಾರಾ ಅಂದ."

ಇಂಥ ತಪ್ಪನ್ನು ಈ ಲೋಕದಲ್ಲಿ ಅಪ್ಪನೊಬ್ಬರೇ ಮಾಡಬಲ್ಲರು ಎಂದು ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಹೆಸರು? ಡ್ರೈವರಿಗೆ ಗೊತ್ತಿರಲಿಲ್ಲ. ಅಪ್ಪ ಬರೀ ಆಕೆ ಎಂದೇ ಹೇಳುತ್ತಿದ್ದರಂತೆ.

"ನಂಗ್ಯಾಕೆ ಹೇಳ್ಲಿಲ್ಲ ಅಪ್ಪ?"

ಡ್ರೈವರು ನೆಲ ನೋಡಿದರು. ಉತ್ತರ ಅವಳಿಗೇ ಗೊತ್ತಿತ್ತು. ಎರಡು ವರ್ಷದ ಹಿಂದೆ ಪಕ್ಕದ ಮನೆಯವರು, ನಿಮ್ಮಪ್ಪನಿಗೆ ಒಂದು ಜೊತೆ ನೋಡಬಾರದೇ ಎಂದು ತಮಾಷೆ ಮಾಡಿದಾಗ, ಅಪ್ಪನ ಎದುರಿಗೇ ಅವಳು ಅಂದಿದ್ದಳು: ಅಯ್ಯೋ, ಈ ವಯಸ್ಸಲ್ಲಿ ಇವರಿಗೆ ಅದೆಲ್ಲ ಬೇಕಾ. ಅಪ್ಪನೂ ನಕ್ಕಿದ್ದರು. ವಾರಕ್ಕೆರಡು ಸಲ ತನ್ನ ಔಷಧಿ ಅಂಗಡಿ ಮುಚ್ಚಿಕೊಂಡು ಬಂದು ಅಪ್ಪನ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿ ಹೋಗುತ್ತಿದ್ದವಳು ಅವಳು. ಆ ನಗು ಎಂಥದೆಂದು ನೋಡಲು ಪುರುಸೊತ್ತಾಗಿರಲಿಲ್ಲ.

ಚಿತಾಗಾರದಲ್ಲಿ ಹನ್ನೊಂದೂವರೆಗೆ ಸಮಯ ಸಿಕ್ಕಿದೆ, ಒಂದಕ್ಕೆಲ್ಲ ಮುಗಿಯುತ್ತದೆ, ನಾಲ್ಕಕ್ಕೆ ಹೋಗಿ ಹೇಳಿ ಬಂದರಾಯಿತು ಎಂದು ಇಬ್ಬರೂ ಮಾತಾಡಿಕೊಂಡರು.

*

ಅಪ್ಪನೂ ಆಕೆಯೂ ಭೇಟಿಯಾದದ್ದೇ ಜಗಳದಲ್ಲಿ. ನಿಲ್ದಾಣದ ವೇಳಾಪಟ್ಟಿ ಹಲಗೆಯ ಮುಂದೆ ಒಬ್ಬ ಹೆಂಗಸು ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು, ಕಂಕುಳಲ್ಲಿ ಬಟ್ಟೆಯ ಗಂಟು ಅವುಚಿಕೊಂಡು, ಐದೂ ನಲವತ್ತೆರಡಂತೆ, ಯಾವ ತಲೆಕೆಟ್ಟವನು ಇದನ್ನ ಬರೆದಿದ್ದು ಎಂದು ಗೊಣಗುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ದಪ್ಪ ಮನುಷ್ಯ, ಆ ತಲೆಕೆಟ್ಟವನು ನಾನೇ ಎಂದರು.

ಐದೂ ನಲವತ್ತೆರಡು ಏಕೆ, ನಲವತ್ತು ಏಕಲ್ಲ ಎಂದು ಅವರು ವಿವರಿಸತೊಡಗಿದರು. ಶಾಲೆಯ ಗೇಟು, ರೈಲ್ವೆ ಹಳಿ, ಸೇತುವೆಯ ಏರು. ಇಷ್ಟು ಹೊತ್ತಿಗೆ ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಹೋಗುತ್ತಿದ್ದರು. ಆಕೆ ಪ್ರಶ್ನೆ ಕೇಳಿದರು. ಕಿಟಕಿಗಳೂ ಹಾಗೇ, ಎಲ್ಲ ಒಂದೇ ಅಳತೆ ಅಂತ ಮನೆಯವರು ಹೇಳುತ್ತಾರೆ, ಪಟ್ಟಿ ಹಿಡಿದರೆ ಒಂದೂ ಒಂದರಂತಿರುವುದಿಲ್ಲ ಎಂದರು. ಎರಡು ಹದಿನಾಲ್ಕು ಬಂದು ಹೋದವು. ಮೂರನೆಯದಕ್ಕೆ ಆಕೆ ಹತ್ತುವಾಗ ಇವರು, ಬರುವ ವಾರ ಬಿಟ್ಟು ಅದರ ಮುಂದಿನ ಗುರುವಾರ, ನಾಲ್ಕಕ್ಕೆ, ಕೊನೆಯ ನಿಲ್ದಾಣದಲ್ಲಿ ಎಂದರು. ಆಕೆ ತಲೆಯಾಡಿಸಿದರು.

ಅಷ್ಟು ದಿನ ಯಾಕೋ ಎಂದು ಡ್ರೈವರು ಬೈದರಂತೆ. ಇವರಿಗೆ ಆ ದಿನಗಳು ಬೇಕಿದ್ದವು. ಹೊಸ ಮಾರ್ಗಕ್ಕೆ ಬಸ್ಸು ಬಿಡುವ ಮೊದಲು ಖಾಲಿ ಬಸ್ಸು ಓಡಿಸಿ ನೋಡುವುದು ಅವರ ಕಚೇರಿಯ ಪದ್ಧತಿ. ಹಾಗೆಯೇ ನಾಲ್ಕು ಸಲ ಒಬ್ಬರೇ ಕೊನೆಯ ನಿಲ್ದಾಣಕ್ಕೆ ಹೋಗಿ ಬೆಂಚುಗಳ ಮೇಲೆ ಕೂತು ನೋಡಿದರು. ಮೂರು ಅಂಗಡಿಯ ಚಹಾ ಕುಡಿದರು. ಸಿನಿಮಾ ಬೇಡ, ಅಲ್ಲಿ ಮಾತಿಲ್ಲ. ದೊಡ್ಡ ಹೋಟೆಲು ಬೇಡ, ಅಲ್ಲಿ ಮೆನು ಓದುವುದೇ ಆಗುತ್ತದೆ. ಶೌಚಾಲಯ ಹತ್ತಿರವಿರಬೇಕು, ಇಬ್ಬರಿಗೂ ವಯಸ್ಸಾಗಿದೆ. ಇದನ್ನೆಲ್ಲ ಡ್ರೈವರಿಗೆ ಒಪ್ಪಿಸಿ, ಕೊನೆಗೆ ಪೆನ್ನು ಹಿಡಿದು ಬಹಳ ಹೊತ್ತು ಕೂತು, ನಡುವಿನ ಎರಡು ಗಂಟೆಯನ್ನು ಏನೂ ಬರೆಯದೆ ಬಿಟ್ಟರು. ಆ ಖಾಲಿ ಜಾಗ ಬಿಡಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ಬಲ್ಲವರೇ ಬಲ್ಲರು.

*

ಚಿತಾಗಾರದ ಗೋಡೆಯ ಮೇಲೂ ಒಂದು ಪಟ್ಟಿ ಇತ್ತು, ಸೀಮೆಸುಣ್ಣದಲ್ಲಿ. ಹನ್ನೊಂದೂವರೆಯನ್ನು ಯಾರೋ ಒರೆಸಿ ಮೂರೂವರೆ ಎಂದು ಬರೆದಿದ್ದರು. ಎರಡು ಕುಲುಮೆಗಳಲ್ಲಿ ಒಂದು ಬೆಳಿಗ್ಗೆ ಕೆಟ್ಟಿತಂತೆ. ಗುಮಾಸ್ತ ಕೈಚೆಲ್ಲಿದ. ನೆಂಟರು ಅಲ್ಲಲ್ಲಿ ನೆರಳು ಹಿಡಿದು ಕೂತರು. ಕೆಲವರು ಹೇಳದೆ ಕೇಳದೆ ಜಾಗ ಖಾಲಿ ಮಾಡಿದರು.

ಮೂರೂವರೆಗೆ ಅಪ್ಪನ ಸರದಿ. ಕೊನೆಯ ನಿಲ್ದಾಣ ಅಲ್ಲಿಂದ ಮೂವತ್ತೈದು ನಿಮಿಷದ ದಾರಿ. ಮಗಳು ಎಷ್ಟು ಸಲ ಕೂಡಿಸಿ ಕಳೆದರೂ ಎರಡು ಕಡೆ ಇರಲು ಆಗುತ್ತಿರಲಿಲ್ಲ. ತಾನು ಇಲ್ಲೇ ನಿಂತರೆ ಅಲ್ಲಿ ಒಬ್ಬರು ಬೆಂಚಿನ ಮೇಲೆ ಕೂತು, ಕತ್ತು ಉದ್ದ ಮಾಡಿ ರಸ್ತೆ ನೋಡಿ, ಕೈಕೊಟ್ಟ ಎಂದುಕೊಂಡು ಎದ್ದು ಹೋಗುತ್ತಾರೆ. ಅಪ್ಪನ ಬಗ್ಗೆ ಈ ಊರಿನಲ್ಲಿ ಒಬ್ಬರಾದರೂ ಹಾಗೆ ತಿಳಿದುಕೊಂಡು ಬದುಕುತ್ತಾರೆ. ಅದನ್ನು ಅವಳಿಗೆ ಸಹಿಸಲಾಗಲಿಲ್ಲ.

ಮೂರು ಗಂಟೆಗೆ ಅತ್ತೆಗೆ ಎಲ್ಲವನ್ನೂ ಹೇಳಿದಳು. ಅತ್ತೆಯ ಮುಖ ಕಪ್ಪಿಟ್ಟಿತು. ಹೆಣ ಇಲ್ಲಿ ಬಿಟ್ಟು ಯಾರೋ ಹೆಂಗಸಿನ ಹಿಂದೆ ಹೋಗ್ತೀಯಾ, ನೋಡಿದವರು ಏನಂದಾರು ಎಂದರು. ಬೇಕಾದರೆ ಡ್ರೈವರು ಹೋಗಲಿ ಎಂದರು.

"ನಾನು ಹೋಗಿ ಹೇಳಿದ್ರೆ ನಂಬ್ತಾರಾ?" ಎಂದರು ಡ್ರೈವರು. "ಬರೋಕೆ ಮನಸ್ಸಿಲ್ಲದೋರು ಫ್ರೆಂಡ್ ಕೈಲಿ ನೆಪ ಹೇಳಿ ಕಳಿಸ್ತಾರೆ. ಸತ್ತೋದ ಅನ್ನೋದಕ್ಕಿಂತ ದೊಡ್ಡ ನೆಪ ಯಾವ್ದಿದೆ?"

ಮಗಳು ಕಾಗದವನ್ನು ಅತ್ತೆಯ ಕೈಗಿಟ್ಟಳು. ಅತ್ತೆ ಕನ್ನಡಕ ಏರಿಸಿ, ತುಟಿ ಆಡಿಸುತ್ತಾ ಓದಿದರು. ಒಂದನೆಯದು ಅಲ್ಲಾಡುತ್ತದೆ ಎಂಬಲ್ಲಿ ಬೆರಳು ನಿಂತಿತು. ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಚಿ ವಾಪಸು ಕೊಟ್ಟರು.

"ನೀನು ಹೋಗು," ಎಂದರು ಕೊನೆಗೆ. "ಅವನ ಹತ್ರ ನಾನಿರ್ತೀನಿ. ಅವನು ಹುಟ್ಟಿದಾಗ್ಲೂ ಅಮ್ಮನ ಕೈಯಿಂದ ಮೊದ್ಲು ಎತ್ಕೊಂಡಿದ್ದು ನಾನೇ."

ಮಗಳು ಒಳಗೆ ಹೋಗಿ ಅಪ್ಪನ ಕಾಲರು ಸರಿ ಮಾಡಿದಳು. ಹಣೆ ಮುಟ್ಟಿದಳು, ತಣ್ಣಗಿತ್ತು. ತಪ್ಪಾಯ್ತು ಅಪ್ಪ ಎಂದು ಹೇಳಿದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಮೂರೂ ಇಪ್ಪತ್ತೊಂಬತ್ತಕ್ಕೆ ಡ್ರೈವರ ಪುಟ್ಟ ಕಾರು ಗೇಟು ದಾಟಿತು.

*

ಸೇತುವೆಯ ಮೇಲೆ ಒಂದು ಲಾರಿ ಅಡ್ಡ ನಿಂತಿತ್ತು. ಡ್ರೈವರು ತಮ್ಮ ಇಪ್ಪತ್ತು ವರ್ಷದ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಸಂದಿಗೊಂದಿಗಳಲ್ಲಿ ನುಗ್ಗಿಸಿದರೂ ಕೊನೆಯ ನಿಲ್ದಾಣ ತಲುಪಿದಾಗ ನಾಲ್ಕೂ ಆರು. ಅವರು ಕಾರಿನಲ್ಲೇ ಉಳಿದರು.

ಮೂರು ಬೆಂಚುಗಳಲ್ಲೂ ಜನ ಇದ್ದರು. ಮೂರನೆಯದರ ಒಂದು ತುದಿಯಲ್ಲಿ ನರೆತ ಕೂದಲಿನ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪರದೆಯ ಬಟ್ಟೆಯಲ್ಲಿ ಹೊಲಿದ ಮೆತ್ತೆ ಅವರಡಿಯಲ್ಲಿ ಒಂದು, ಪಕ್ಕದ ಖಾಲಿ ಜಾಗದಲ್ಲಿ ಒಂದು. ಮಗಳು ಹತ್ತಿರ ಬಂದಂತೆ ಅವರು ಅವಳ ಮುಖವನ್ನೇ ನೋಡಿದರು.

"ನೀವು ಅವ್ರ ಮಗಳು," ಎಂದರು. "ಹುಬ್ಬು ಅವ್ರದ್ದೇ."

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮಗಳಿಗೆ ಕೈಕೊಟ್ಟವು.

"ಅಪ್ಪ ನಿನ್ನೆ ಬೆಳಿಗ್ಗೆ ತೀರ್ಕೊಂಡ್ರು," ಎಂದಳು.

ಆಕೆ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ನಾಲ್ಕು ಹೊಡೆದಾಗ್ಲೇ ಏನೋ ಆಗಿದೆ ಅನ್ಕೊಂಡೆ. ತಡ ಮಾಡೋ ಆಸಾಮಿ ಅಲ್ಲ ಅಂತ ಒಂದೇ ಸಲಕ್ಕೆ ಗೊತ್ತಾಗಿತ್ತು."

ಮಗಳ ಎದೆಯ ಮೇಲಿನ ಕಲ್ಲು ಇಳಿಯಿತು, ಅಳು ತಡೆಯಲಾಗಲಿಲ್ಲ. ಫೋನ್ ನಂಬರ್ ಇರಲಿಲ್ಲ, ಅದಕ್ಕೇ ಹೀಗೆ ಬಂದೆ ಎಂದಳು. ಅಂತ್ಯಕ್ರಿಯೆ ಈಗ ನಡೆಯುತ್ತಿದೆ ಎಂದೂ ಹೇಳಿದಳು. ಆಕೆ ಅವಳ ಮೊಣಕೈ ಹಿಡಿದುಕೊಂಡರು.

"ನಾನೂ ನಂಬರ್ ಕೇಳ್ಲಿಲ್ಲ. ಕೇಳೋದೆಲ್ಲ ಇವತ್ತಿಗೆ ಅಂತ ಇಟ್ಕೊಂಡಿದ್ದೆ."

"ಏನೇನು?"

"ಬೇಕಾದಷ್ಟಿತ್ತು. ಚಹಾಕ್ಕೆ ಸಕ್ಕರೆ ಎಷ್ಟು, ಅಲ್ಲಿಂದ ಶುರು."

"ಎರಡು ಚಮಚ," ಎಂದಳು ಮಗಳು ಮೂಗು ಒರೆಸಿಕೊಳ್ಳುತ್ತಾ. "ನನ್ನೆದುರಿಗೆ ಒಂದು."

ಆಕೆ ನಕ್ಕರು. ಆ ನಗು ಅರ್ಧದಲ್ಲೇ ಮುರಿಯಿತು. ಖಾಲಿ ಜಾಗದ ಮೆತ್ತೆಯನ್ನು ಅಂಗೈಯಿಂದ ಒಮ್ಮೆ ಸವರಿ, ಕೂತ್ಕೊಳ್ಳಿ ಎಂದರು. ಕಾರಿನಲ್ಲಿದ್ದ ಡ್ರೈವರು ಎಂಜಿನ್ ಆರಿಸಿದರು. ಮಗಳು ಕೂತಳು. ಅಪ್ಪನನ್ನು ಆಕೆ ಒಮ್ಮೆ ನೋಡಿದ್ದರಲ್ಲೇ ಕಣ್ಣಂದಾಜಿನಲ್ಲಿ ಕತ್ತರಿಸಿ ಹೊಲಿದ ಮೆತ್ತೆ ಅದು. ಅವಳ ಎರಡೂ ಬದಿಗೆ ಒಂದೊಂದು ಗೇಣು ಬಟ್ಟೆ ಉಳಿಯಿತು.